ದೀಪದ ಸುತ್ತ ಬಳೆ

"ಉಸಿರು ಬಿಗಿ ಹಿಡೀಬೇಡಿ. ಸುಮ್ನೆ ನನ್ನ ಕಿವಿ ನೋಡ್ತಾ ಇರಿ" ಎಂದರು ಕಣ್ಣಿನ ಡಾಕ್ಟರು.

ಸೂಜಿಯಕ್ಕ ಗದ್ದವನ್ನು ಯಂತ್ರದ ಆಸರೆಯ ಮೇಲಿಟ್ಟು, ಹಣೆಯನ್ನು ಪಟ್ಟಿಗೆ ಒತ್ತಿ, ಡಾಕ್ಟರ ಬಲಗಿವಿಯನ್ನೇ ನೋಡುತ್ತ ಕೂತಿದ್ದಳು. ಹನಿ ಹಾಕಿ ಮರಗಟ್ಟಿಸಿದ ಕಣ್ಣಿನ ಮೇಲೆ ಪುಟ್ಟ ಪುಟ್ಟ ಕನ್ನಡಿಗಳಿದ್ದ ಗಾಜೊಂದು ಕೂತಿತ್ತು. ಮೂವತ್ತೊಂದು ವರ್ಷ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದು, ಬಂದವರ ತೋಳಿಗೆಲ್ಲ ಸೂಜಿ ಚುಚ್ಚಿ, "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂದು ಸಮಾಧಾನ ಹೇಳಿಕೊಂಡು ಬಂದ ಹೆಂಗಸು. ಆ ಹೆಸರು ಅಂಟಿಕೊಂಡದ್ದೂ ಹಾಗೇ. ಈಗ ತನ್ನ ಸರದಿ ಬಂದಾಗ ಕುರ್ಚಿಯ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಚುಚ್ಚುವವರ ಧೈರ್ಯವೇ ಬೇರೆ, ಚುಚ್ಚಿಸಿಕೊಳ್ಳುವವರ ಧೈರ್ಯವೇ ಬೇರೆ.

ಬಂದದ್ದು ಬರೀ ಕನ್ನಡಕದ ನಂಬರು ಬದಲಿಸಲು. ಸೂಕ್ಷ್ಮದರ್ಶಕದಲ್ಲಿ ರಕ್ತಕಣ ಎಣಿಸುವಾಗ ಈಚೆಗೆ ಲೆಕ್ಕ ತಪ್ಪುತ್ತಿತ್ತು. ಐದು ನಿಮಿಷದ ಕೆಲಸ ಎಂದುಕೊಂಡಿದ್ದು ಮುಕ್ಕಾಲು ಗಂಟೆಯಾಯಿತು.

ಡಾಕ್ಟರು ಗಾಜನ್ನು ತೆಗೆದು ಕಣ್ಣೊರೆಸಲು ಹತ್ತಿ ಕೊಟ್ಟರು. ಮೂವತ್ತೈದರ ಹೆಣ್ಣುಮಗಳು, ಮಾತು ಮೆತ್ತಗೆ. "ನಿಮ್ಮ ಕಣ್ಣೊಳಗೆ ನೀರು ಹೊರಗೆ ಹೋಗೋ ಸಂದು ಕಿರಿದು. ಎಲ್ಲರ ಕಣ್ಣಲ್ಲೂ ಒಳಗೆ ನೀರು ಊರ್ತಾನೇ ಇರುತ್ತೆ. ಅಂಚಲ್ಲಿ ಸುತ್ತ ಒಂದು ಜಾಲರಿ ಇದೆ, ಅದರಿಂದ ಆಚೆ ಹೋಗಬೇಕು. ಸಂದು ಕಿರಿದಾದ್ರೆ ಕಣ್ಣಿನ ಬಣ್ಣದ ಪರದೆ ಹೋಗಿ ಆ ಜಾಲರಿಗೆ ತಾಗುತ್ತೆ. ಮತ್ತೆ ಮತ್ತೆ ತಾಗಿದ್ರೆ ಅಲ್ಲೇ ಅಂಟ್ಕೊಂಡುಬಿಡುತ್ತೆ. ನಿಮಗಿನ್ನೂ ಅಂಟಿಲ್ಲ, ಪುಣ್ಯ. ಲೇಸರಲ್ಲಿ ಸಣ್ಣ ತೂತು ಹಾಕಿದ್ರೆ ಆಯ್ತು."

"ಅಂಟ್ಕೊಂಡ್ರೆ?"

"ಅಂಟ್ಕೊಂಡ ಜಾಗ ಬಿಡಿಸೋಕೆ ಬರಲ್ಲ. ಒತ್ತಡ ಏರುತ್ತೆ, ನರ ಒಣಗುತ್ತೆ. ಹೋದ ದೃಷ್ಟಿ ವಾಪಸ್ ಬರಲ್ಲ." ಡಾಕ್ಟರು ಬರೆಯುತ್ತಲೇ ಕೇಳಿದರು. "ಒಡಹುಟ್ಟಿದವರು ಇದಾರಾ? ಇದು ಮನೆತನದಲ್ಲಿ ಬರೋದು. ಕತ್ತಲಲ್ಲಿ ಕೂತಾಗ ಒಂದು ಕಡೆ ಹುಬ್ಬು, ಕಣ್ಣು ಸಿಡಿಯೋದು, ಹೊಟ್ಟೆ ತೊಳಸಿ ವಾಂತಿ, ದೀಪದ ಸುತ್ತ ಬಣ್ಣದ ಉಂಗುರ ಕಾಣೋದು, ಒಂದು ನಿದ್ದೆ ಮಾಡಿದ್ರೆ ಕಮ್ಮಿ ಆಗೋದು. ಜನ ಅರೆತಲೆನೋವು ಅಂದ್ಕೊಂಡು ಸುಮ್ನಿರ್ತಾರೆ. ಅಂಥವರಿಗೆ ನೆಗಡಿ ಮಾತ್ರೆ, ಹೊಟ್ಟೆ ಹಿಡಿತದ ಮಾತ್ರೆ ಕೊಟ್ರಂತೂ ಮುಗೀತು. ಪಾಪೆ ಹಿಗ್ಗಿ ಇದ್ದ ಸಂದೂ ಮುಚ್ಚಿಹೋಗುತ್ತೆ."

ಸೂಜಿಯಕ್ಕ ಹತ್ತಿಯನ್ನು ಕಣ್ಣಿಗೆ ಒತ್ತಿಕೊಂಡು, "ಒಬ್ಬಳು ತಂಗಿ ಇದಾಳೆ. ಕರ್ಕೊಂಡು ಬರ್ತೀನಿ" ಎಂದಷ್ಟೇ ಹೇಳಿದಳು. ಇನ್ನೊಂದು ಮಾತು ಬಾಯಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಎದ್ದುಬಂದಳು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಈ ಮನೆಯಲ್ಲಿ ಮಾತ್ರ ಹಿತ್ತಲ ಗಿಡವೇ ಮದ್ದು. ಟೈರಿನ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕತಂಗಿಯರಿಬ್ಬರೇ ಇದ್ದರು. ಅಕ್ಕ ಮದುವೆಯಾಗಲಿಲ್ಲ, ತಂಗಿಗೆ ಗಂಡ ಉಳಿಯಲಿಲ್ಲ. ಅಕ್ಕ ಕಲಿತದ್ದು ರಕ್ತ ನೋಡುವುದನ್ನು, ಆದರೆ ಬಿಳಿ ಕೋಟು ಹಾಕಿಕೊಂಡು ಹೋಗುತ್ತಿದ್ದಳಲ್ಲ, ಬೀದಿಯವರಿಗೂ ತಂಗಿಗೂ ಅಷ್ಟು ಸಾಕಾಗಿತ್ತು. ಲ್ಯಾಬಿಗೆ ಔಷಧಿ ಕಂಪನಿಯವರು ತಂದುಕೊಡುತ್ತಿದ್ದ ಮಾದರಿ ಮಾತ್ರೆಗಳನ್ನೆಲ್ಲ ಆಕೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಯಾರಿಗೆ ಏನೇ ಆದರೂ ಆ ಡಬ್ಬಿ ಬಿಚ್ಚಿಕೊಳ್ಳುತ್ತಿತ್ತು. ನಿಜವಾದ ಡಾಕ್ಟರಾದರೆ ಅನುಮಾನವಾದರೂ ಪಡುತ್ತಾರೆ. ಅರೆ ಡಾಕ್ಟರಿಗೆ ಅದೂ ಇಲ್ಲ.

ತಂಗಿಯದು ಸಿನಿಮಾ ಮಂದಿರದಲ್ಲಿ ಕೆಲಸ. ತಡವಾಗಿ ಬಂದವರಿಗೆ ಬ್ಯಾಟರಿ ಬಿಟ್ಟು ಸೀಟು ತೋರಿಸುವುದು. ಹದಿನೆಂಟು ವರ್ಷ ಅದೇ ಕತ್ತಲಲ್ಲಿ ಓಡಾಡಿ ಮೆಟ್ಟಿಲುಗಳೆಲ್ಲ ಕಾಲಿಗೇ ಬಾಯಿಪಾಠವಾಗಿದ್ದವು. ನಾಲ್ಕು ವರ್ಷದ ಹಿಂದೆ ಮೊದಲ ಸಲ ತಲೆನೋವೆಂದು ಮಧ್ಯಾಹ್ನದ ಆಟ ಬಿಟ್ಟು ಮನೆಗೆ ಬಂದಾಗ, "ನೀನು ತೋರಿಸೋ ಸಿನಿಮಾ ನೋಡಿದ್ರೆ ಯಾರಿಗಾದ್ರೂ ತಲೆನೋವೇ" ಎಂದು ಅಕ್ಕ ನಕ್ಕಿದ್ದಳು. ಮೂಗು ಕಟ್ಟಿದೆಯಾ ಎಂದರೆ ಸ್ವಲ್ಪ ಕಟ್ಟಿದೆ ಎಂದಳು ತಂಗಿ. ಹಳದಿ ಬಣ್ಣದ ನೆಗಡಿ ಮಾತ್ರೆ ಸಿಕ್ಕಿತು. ವಾಂತಿ ಬಂದಾಗ ಹೊಟ್ಟೆಯದೂ ಒಂದು ಸೇರಿತು. ಅದೆಲ್ಲ ನುಂಗಿ ಮಲಗಿ ಎದ್ದರೆ ನೋವು ಹೋಗಿರುತ್ತಿತ್ತು. ನಿದ್ದೆ ಮಾಡಿದ ಕೆಲಸಕ್ಕೆ ಮಾತ್ರೆಗೆ ಹೆಸರು ಬಂತು. ಆಮೇಲೆ ಒಂದು ದಿನ ತಂಗಿ ಬಾಗಿಲಲ್ಲಿ ನಿಂತು, "ಅಕ್ಕ, ಬೀದಿ ದೀಪಕ್ಕೆಲ್ಲ ಬಳೆ ತೊಡಿಸಿದ ಹಾಗೆ ಕಾಣ್ತಿದೆ, ಎಷ್ಟು ಚೆನ್ನಾಗಿದೆ ಗೊತ್ತಾ" ಎಂದಿದ್ದಳು. "ಕನ್ನಡಕ ಒರೆಸ್ಕೊ" ಎಂದಿದ್ದಳು ಅಕ್ಕ.

ಕಣ್ಣಾಸ್ಪತ್ರೆಯಿಂದ ಸೂಜಿಯಕ್ಕ ಲ್ಯಾಬಿಗೂ ಹೋಗಲಿಲ್ಲ, ಮನೆಗೂ ಹೋಗಲಿಲ್ಲ. ನೇರ ಸಿನಿಮಾ ಮಂದಿರಕ್ಕೆ ನಡೆದಳು. ಮಧ್ಯಾಹ್ನದ ಆಟ ಶುರುವಾಗಿತ್ತು. ಲ್ಯಾಬಿಗೆ ಬಂದು ರಕ್ತ ಕೊಟ್ಟಿದ್ದ ಬಾಗಿಲು ಕಾಯುವವನು ಗುರುತು ಹಿಡಿದು ಒಳಗೆ ಬಿಟ್ಟ. ಪರದೆಯ ಬೆಳಕಿಗೆ ಕಣ್ಣು ಹೊಂದಿಕೊಂಡ ಮೇಲೆ, ಗೋಡೆಯ ಪಕ್ಕದ ಓಣಿಯಲ್ಲಿ ಗಂಡ ಹೆಂಡತಿ ಇಬ್ಬರನ್ನು ಹಿಂದೆ ಹಾಕಿಕೊಂಡು ಇಳಿದು ಹೋಗುತ್ತಿದ್ದ ತಂಗಿ ಕಂಡಳು. ಬ್ಯಾಟರಿಯ ಬೆಳಕು ಒಂದೊಂದೇ ಮೆಟ್ಟಿಲ ಮೇಲೆ ಬೀಳುತ್ತಿತ್ತು. ಅವರನ್ನು ಕೂರಿಸಿ ತಂಗಿ ಬ್ಯಾಟರಿ ಆರಿಸಿಕೊಂಡು ಮೇಲೆ ಹತ್ತತೊಡಗಿದಳು.

ಸೂಜಿಯಕ್ಕ ಗೋಡೆಗೆ ಒರಗಿ ನಿಂತಿದ್ದಳು. ಹತ್ತಿ ಬರುವ ತಂಗಿಗೆ ಅದು ಎಡಗಡೆ. ಪರದೆಯ ಮೇಲೆ ಹಗಲಿನ ದೃಶ್ಯ ಬಂದು ಮಂದಿರವೆಲ್ಲ ಬೆಳಗಿತು. ಅಕ್ಕ ಕೈ ಎತ್ತಿ ಆಡಿಸಿದಳು. ತಂಗಿ ಮೊಳದಷ್ಟು ದೂರದಲ್ಲಿ ಹಾದುಹೋದಳು. ನೋಡಿಯೂ ನೋಡದ ಹಾಗಲ್ಲ, ಅಲ್ಲಿ ಗೋಡೆಯ ಹೊರತು ಇನ್ನೇನೂ ಇಲ್ಲವೇ ಇಲ್ಲ ಎನ್ನುವ ಹಾಗೆ. ಎರಡು ಮೆಟ್ಟಿಲು ಮೇಲೆ ಗೋಡೆಯ ಬುಡದಲ್ಲಿ ಯಾರೋ ಇಟ್ಟಿದ್ದ ಚೀಲಕ್ಕೆ ಅವಳ ಎಡಗಾಲು ಬಡಿಯಿತು. "ಚೀಲ ಒಳಗಿಟ್ಕೊಳ್ಳಿ ಸಾರ್" ಎಂದಳು, ದಿನವೂ ಹೇಳುವ ದನಿಯಲ್ಲಿ. ಆ ಎಡಗಾಲಿನ ನೀಲಿ ಕಲೆಗಳಿಗೆ ಎಷ್ಟು ಸಲ ಮುಲಾಮು ಹಚ್ಚಿದ್ದೇನೆ ಎಂದು ಸೂಜಿಯಕ್ಕನಿಗೆ ಆಗ ನೆನಪಾಯಿತು. ಬಲಗಾಲಿಗೆ ಒಂದು ಸಲವೂ ಹಚ್ಚಿರಲಿಲ್ಲ.

ಹಿಂದಿನಿಂದ ಹೋಗಿ ಭುಜ ಮುಟ್ಟಿದಳು. ತಂಗಿ ಇಡೀ ತಲೆ ತಿರುಗಿಸಿ ನೋಡಿದಳು.

"ಅಕ್ಕ? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ನಾಳೆ ಬೆಳಿಗ್ಗೆ ಕಣ್ಣಾಸ್ಪತ್ರೆಗೆ ಹೋಗೋಣ."

"ನನ್ನ ಕಣ್ಣಿಗೇನು ಧಾಡಿ?"

"ನಡಿ ಅಂದ್ರೆ ನಡಿ."

ತಂಗಿ ಒಂದು ಗಳಿಗೆ ಅಕ್ಕನ ಮುಖ ನೋಡಿದಳು. "ಸರಿ, ನೀನು ಹೇಳಿದ ಮೇಲೆ ಇನ್ನೇನು" ಎಂದಳು. ನಲವತ್ತು ವರ್ಷದಿಂದ ಹೇಳುತ್ತ ಬಂದ ಮಾತು. ಅವತ್ತು ಮಾತ್ರ ಅಕ್ಕನಿಗೆ ಅದನ್ನು ಕೇಳಿಸಿಕೊಂಡು ಅಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ಡಾಕ್ಟರು ತಂಗಿಯ ಬಲಗಣ್ಣಿಗೆ ಕಪ್ಪು ಬಿಲ್ಲೆ ಮುಚ್ಚಿ ಗೋಡೆಯ ಅಕ್ಷರ ಓದಲು ಹೇಳಿದರು.

"ಓದ್ತೀನಿ, ದೀಪ ಹಾಕಿ" ಎಂದಳು ತಂಗಿ.

ದೀಪ ಉರಿಯುತ್ತಲೇ ಇತ್ತು. ಡಾಕ್ಟರು ಬಿಲ್ಲೆ ತೆಗೆದರು. ತಂಗಿ ಕಣ್ಣು ಪಿಳಿಪಿಳಿ ಬಿಟ್ಟು ಮೇಲಿನ ದೀಪವನ್ನು ನೋಡಿದಳು, ಆಮೇಲೆ ಅಕ್ಕನನ್ನು ನೋಡಿದಳು. ತಾನೇ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ನೋಡಿದಳು, ತೆಗೆದಳು, ಮತ್ತೆ ಮುಚ್ಚಿಕೊಂಡಳು. ಒಂದು ಕಣ್ಣು ಒಳಗಿಂದೊಳಗೇ ಹೊರಟುಹೋಗಿದ್ದರೂ ಇನ್ನೊಂದು ಇಷ್ಟು ದಿನ ಇಬ್ಬರ ಕೆಲಸ ಮಾಡಿಕೊಂಡು ಬಂದಿತ್ತು. ಮನೆಯ ಯಜಮಾನಿಗೇ ಸುಳಿವಿರಲಿಲ್ಲ.

ಕನ್ನಡಿಯ ಗಾಜಿಟ್ಟು ನೋಡಿದ ಮೇಲೆ ಡಾಕ್ಟರು ಒಂದು ಕಾಗದದ ಮೇಲೆ ಎರಡು ಸೊನ್ನೆ ಬರೆದು ಅಂಚಿನಲ್ಲಿ ಪೆನ್ಸಿಲಿನಿಂದ ಕಪ್ಪು ಮಾಡುತ್ತ ಹೋದರು. ಎಡಗಡೆಯ ಸೊನ್ನೆಗೆ ಮುಕ್ಕಾಲು ಸುತ್ತು ಕಪ್ಪಾಯಿತು. "ಇಷ್ಟೂ ಅಂಟ್ಕೊಂಡಿದೆ. ನರ ಹೆಚ್ಚುಕಮ್ಮಿ ಹೋಗಿದೆ." ಬಲಗಡೆಯದಕ್ಕೆ ಮೇಲ್ಭಾಗದಲ್ಲಿ ಕಾಲು ಸುತ್ತು. "ಇದು ಈಗ ಶುರುವಾಗಿದೆ. ಇದನ್ನ ಉಳಿಸ್ಕೋಬೇಕು. ಇವತ್ತೇ ಎರಡಕ್ಕೂ ಲೇಸರ್ ಮಾಡೋಣ." ಪೆನ್ಸಿಲ್ ಕೆಳಗಿಟ್ಟು ತಂಗಿಯ ಕಡೆ ತಿರುಗಿದರು. "ತಲೆನೋವು ಎಷ್ಟು ದಿನದಿಂದ?"

"ನಾಲ್ಕು ವರ್ಷ."

"ನಾಲ್ಕು ವರ್ಷ ಯಾರಿಗೂ ಹೇಳಲಿಲ್ವಾ?"

ಸೂಜಿಯಕ್ಕ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ತಂಗಿ ಅತ್ತ ತಿರುಗಲಿಲ್ಲ.

"ಇಲ್ಲ ಡಾಕ್ಟ್ರೇ. ನಾನೇ ಅಂಗಡೀಲಿ ಏನೋ ಮಾತ್ರೆ ತೊಗೊಂಡು ನುಂಗ್ತಿದ್ದೆ."

"ಯಾವ ಮಾತ್ರೆ?"

"ಹೆಸರು ಗೊತ್ತಿಲ್ಲ. ಮನೇಲಿ ಯಾರಿಗೂ ಹೇಳ್ತಿರಲಿಲ್ಲ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ದೊಣ್ಣೆ ತಪ್ಪಿತ್ತು. ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಈ ಆಸ್ಪತ್ರೆಯ ರಕ್ತವೂ ಸೂಜಿಯಕ್ಕನ ಲ್ಯಾಬಿಗೇ ಬರುತ್ತಿತ್ತು. ಅವಳ ಸಹಿ ಇದ್ದ ಚೀಟಿಯನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಅವಳು ನೋಡಿದ್ದಾ, ಹಾಗಾದ್ರೆ ಸರಿ ಎಂದು ಮುಂದಕ್ಕೆ ಕಳಿಸುತ್ತಿದ್ದರು. ಮೂವತ್ತೊಂದು ವರ್ಷದ ಮೇಲೆ ಅವಳ ಹತ್ತಿರ ಇದ್ದದ್ದು ಆ ನಂಬಿಕೆಯೊಂದೇ. ಡಾಕ್ಟರು "ಮಾತ್ರೆ ತಿಳಿಯದು" ಎಂದು ಬರೆಯುತ್ತಿದ್ದರು. ತಂಗಿ ಮಡಿಲಲ್ಲಿ ಕೈಕಟ್ಟಿಕೊಂಡು, ಶಾಲೆಯಲ್ಲಿ ಮತ್ತೊಬ್ಬರ ತಪ್ಪನ್ನು ತನ್ನದೆಂದು ಒಪ್ಪಿಕೊಂಡ ಹುಡುಗಿಯ ಹಾಗೆ ನೆಟ್ಟಗೆ ಕೂತಿದ್ದಳು.

"ಅವಳು ಸುಳ್ಳು ಹೇಳ್ತಿದಾಳೆ" ಎಂದಳು ಸೂಜಿಯಕ್ಕ. "ಅಂಗಡೀದಲ್ಲ. ನಾನು ಕೊಡ್ತಿದ್ದೆ."

ಡಾಕ್ಟರ ಪೆನ್ನು ನಿಂತಿತು.

"ನೆಗಡಿ ಮಾತ್ರೆ. ವಾಂತಿ ಆದಾಗ ಹೊಟ್ಟೆ ಹಿಡಿತದ್ದೂ ಕೊಡ್ತಿದ್ದೆ. ಮೊದಮೊದಲು ತಿಂಗಳಿಗೆ ಒಂದ್ಸಲ. ಈ ವರ್ಷ ವಾರಕ್ಕೊಂದ್ಸಲ. ದೀಪದ ಸುತ್ತ ಬಣ್ಣ ಕಾಣುತ್ತೆ ಅಂತ ಅವಳು ನನಗೆ ಹೇಳಿದ್ಲು. ಕನ್ನಡಕ ಒರೆಸ್ಕೊ ಅಂದೆ." ಎರಡೂ ಮಾತ್ರೆಯ ಹೆಸರನ್ನು, ಎಷ್ಟು ಬಲದ್ದೆಂಬುದನ್ನೂ ಹೇಳಿದಳು. ಲ್ಯಾಬಿನಲ್ಲಿ ಫಲಿತಾಂಶ ಓದಿ ಬರೆಸುವಾಗ ಇರುತ್ತಿದ್ದ ಅದೇ ದನಿ. ಬೇರೆ ದನಿಯಲ್ಲಿ ಹೇಳಲು ಹೋಗಿದ್ದರೆ ಹೇಳುವುದೇ ಆಗುತ್ತಿರಲಿಲ್ಲ.

ಡಾಕ್ಟರು ಎಲ್ಲವನ್ನೂ ಬರೆದುಕೊಂಡರು. ಬೈಯಲಿಲ್ಲ.

"ಆ ಮಾತ್ರೆಯಿಂದಲೇ ಹೋಯ್ತಾ?" ಎಂದು ಸೂಜಿಯಕ್ಕನೇ ಕೇಳಿದಳು.

"ಸಂದು ಹುಟ್ಟಿನಿಂದಲೇ ಕಿರಿದು. ಮಾತ್ರೆಯಿಂದಲೇ ಅಂತ ನಾನು ಹೇಳಕ್ಕಾಗಲ್ಲ. ಅದರಿಂದ ಅಲ್ಲ ಅಂತಲೂ ಹೇಳಕ್ಕಾಗಲ್ಲ." ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಆ ಬಣ್ಣ ಕಂಡಾಗ ಬಂದಿದ್ರೆ ಕಣ್ಣು ಉಳೀತಿತ್ತು. ಅಷ್ಟು ಮಾತ್ರ ಹೇಳ್ಬಲ್ಲೆ."

ಪಾಪೆ ಕುಗ್ಗಿಸುವ ಹನಿ ಹಾಕಿ ಅರ್ಧ ಗಂಟೆ ಹೊರಗೆ ಕೂರಿಸಿದರು. ಉದ್ದದ ಬೆಂಚು, ಎದುರಿಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕರೊಬ್ಬರು ಬಾಯಿ ಬಿಟ್ಟುಕೊಂಡು ನಿದ್ದೆ ಹೋಗಿದ್ದರು. ತಂಗಿಯ ಕೈಯಲ್ಲಿ ಒಪ್ಪಿಗೆಯ ಕಾಗದ.

"ಯಾಕೆ ಹೇಳಿದೆ?" ಎಂದಳು ತಂಗಿ. "ನಾನು ಮುಚ್ಚಿದ್ನಲ್ಲ."

"ಡಾಕ್ಟ್ರಿಗೆ ಗೊತ್ತಾಗಬೇಕಿತ್ತು." ಆ ಮಾತು ಸಾಲದೆನಿಸಿ ಸೇರಿಸಿದಳು. "ನೀನು ಸುಳ್ಳು ಹೇಳಿ, ನಾನು ಅದನ್ನ ಕೇಳಿಸ್ಕೊಂಡು ಕೂತಿರೋದಾ? ಆಗಲಿಲ್ಲ ಕಣೆ." ತಂಗಿಯ ಕಡೆ ತಿರುಗಿದಳು. "ಮಾತ್ರೇದೇ ತಪ್ಪು ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೆ. ಹದಿನೆಂಟು ವರ್ಷದಲ್ಲಿ ಒಂದು ದಿನ ನನ್ನ ಕೆಲಸದ ಜಾಗಕ್ಕೆ ಕಾಲಿಟ್ಟವಳಲ್ಲ ನೀನು. ಅಲ್ಲಿ ನಿಂತಿದ್ದೆ, ಹೆಣ ನೋಡಿದವಳ ಹಾಗೆ. ರಾತ್ರಿ ಡಬ್ಬಿ ಅದರ ಜಾಗದಲ್ಲಿರಲಿಲ್ಲ. ಅಷ್ಟೂ ಗೊತ್ತಾಗಲ್ವಾ ನಂಗೆ?"

ಸೂಜಿಯಕ್ಕ ಅದನ್ನು ಹಿಂದಿನ ಸಂಜೆ ಬೀದಿ ಕೊನೆಯ ತೊಟ್ಟಿಗೆ ಹಾಕಿ ಬಂದಿದ್ದಳು. ಎದುರಿನ ಮುದುಕರ ಚಪ್ಪಲಿಯನ್ನು ನೋಡುತ್ತ ಕೂತಳು.

ತಂಗಿ ಕಾಗದವನ್ನು ಅಕ್ಕನ ತೊಡೆಯ ಮೇಲಿಟ್ಟಳು. "ಓದು. ಸಹಿ ಮಾಡ್ಲಾ ಬೇಡ್ವಾ ಹೇಳು."

"ಇನ್ನೂ ನನ್ನ ಕೇಳ್ತೀಯಾ?"

"ಇನ್ಯಾರನ್ನ ಕೇಳ್ಲಿ? ಆ ತಾತನ್ನ ಎಬ್ಬಿಸಿ ಕೇಳ್ಲಾ?"

ಸೂಜಿಯಕ್ಕ ಓದಿದಳು. ಒಂದು ಸಲವಲ್ಲ, ಎರಡು ಸಲ, ಪ್ರತಿ ಸಾಲಿನ ಕೆಳಗೂ ಬೆರಳಿಟ್ಟುಕೊಂಡು. ಒಂದು ಪದ ತಿಳಿಯಲಿಲ್ಲ. ಹಿಂದಿನ ದಿನದವರೆಗೂ ಆಗಿದ್ದರೆ ತಿಳಿದವಳಂತೆ ತಲೆಯಾಡಿಸುತ್ತಿದ್ದಳು. ಎದ್ದುಹೋಗಿ ನರ್ಸನ್ನು ಕೇಳಿ ತಿಳಿದುಕೊಂಡು ಬಂದಳು. "ಮಾಡು" ಎಂದಳು.

ತಂಗಿ ಸಹಿ ಮಾಡಿದಳು.

"ನಿಂಗೆ ಸಿಟ್ಟಿಲ್ವಾ?"

"ಇದೆ. ಹೊಟ್ಟೆ ತುಂಬ ಇದೆ" ಎಂದಳು ತಂಗಿ, ಹಣೆಯನ್ನು ಬೆರಳಿನಿಂದ ಒತ್ತಿಕೊಳ್ಳುತ್ತ. "ನಾಳೆ ಬೈತೀನಿ. ಇವತ್ತು ಆ ಹನಿಗೆ ಹುಬ್ಬೆಲ್ಲ ಸಿಡೀತಿದೆ."

ಲೇಸರಿನ ಕೆಲಸ ಹತ್ತು ನಿಮಿಷವೂ ಹಿಡಿಯಲಿಲ್ಲ. ಟಿಕ್ ಟಿಕ್ ಎಂದು ಸದ್ದಾಗುತ್ತಿದ್ದರೆ ಹೊರಗೆ ನಿಂತಿದ್ದ ಸೂಜಿಯಕ್ಕ ಒಂದೊಂದನ್ನೂ ಎಣಿಸಿದಳು. ತಂಗಿ ಹೊರಬಂದಾಗ ಕಣ್ಣು ಕೆಂಪಾಗಿದ್ದವು. ಬಲಗಣ್ಣು ಬಚಾವಾಗುವ ಹಾಗಿದೆ, ಎಡಗಣ್ಣಿನಲ್ಲಿ ಉಳಿದ ಚೂರು ಬೆಳಕನ್ನಾದರೂ ಕಾಪಾಡಿಕೊಳ್ಳಲು ಬೆಳಿಗ್ಗೆ ಸಂಜೆ ಹನಿ ಬಿಡಬೇಕು, ಒತ್ತಡ ಇಳಿಯದಿದ್ದರೆ ಆಪರೇಷನ್ನು ಎಂದರು ಡಾಕ್ಟರು. ಅಕ್ಕನ ಲೇಸರಿಗೆ ಮುಂದಿನ ವಾರದ ದಿನ ಕೊಟ್ಟರು. ಹನಿ ಹಾಕುವ ಕ್ರಮವನ್ನು ನರ್ಸು ತೋರಿಸಿಕೊಟ್ಟಳು. ತಲೆ ಹಿಂದಕ್ಕೆ, ಒಂದೊಂದು ಕಣ್ಣಿಗೂ ಒಂದೇ ಹನಿ, ಆಮೇಲೆ ಕಣ್ಣು ಮುಚ್ಚಿ ಮೂಗಿನ ಬುಡದ ಹತ್ತಿರ ಎರಡೂ ಕಡೆ ಬೆರಳಿನಿಂದ ಒತ್ತಿ ಐದು ನಿಮಿಷ ಹಿಡಿಯಬೇಕು. ಇಲ್ಲದಿದ್ದರೆ ಔಷಧಿ ಗಂಟಲಿಗೆ ಇಳಿದುಹೋಗುತ್ತದೆ. ಮನೆಗೆ ಬಂದ ತಂಗಿ ಉಣ್ಣದೆ ಮಲಗಿದಳು.

ಬೆಳಿಗ್ಗೆ ಸೂಜಿಯಕ್ಕ ಎದ್ದು ಮುಖ ತೊಳೆದು, ಲ್ಯಾಬಿಗೆ ರಜೆ ಹೇಳಿ, ಅಡುಗೆಮನೆಯ ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕಾದಳು. ಕೆಳಗೆ ಟೈರಿನ ಅಂಗಡಿಯವನು ಗಾಳಿ ತುಂಬುವ ಯಂತ್ರ ಶುರುಮಾಡಿದ್ದ. ತಂಗಿ ಬಂದು ಕುರ್ಚಿಯಲ್ಲಿ ಕೂತು ಸೀಸೆಯನ್ನು ಅಕ್ಕನ ಕೈಗೆ ಕೊಟ್ಟಳು, ತಲೆ ಹಿಂದಕ್ಕೆ ಚಾಚಿದಳು. ಕಣ್ಣು ಅಗಲ ಮಾಡಿ ಚಾವಣಿ ನೋಡುತ್ತ ಕಾದಳು. ಸಾವಿರಾರು ತೋಳು ಕಂಡ ಕೈಯೇ, ಆದರೂ ಮೊದಲ ಹನಿ ಕೆನ್ನೆಯ ಮೇಲೆ ಬಿತ್ತು. ಎರಡನೆಯದು ಕಣ್ಣಿಗೆ ಬಿತ್ತು. ಮೂರನೆಯದು ಇನ್ನೊಂದು ಕಣ್ಣಿಗೆ.

ತಂಗಿ ಕಣ್ಣು ಮುಚ್ಚಿದಳು. ಸೂಜಿಯಕ್ಕ ಹಿಂದೆ ನಿಂತು, ಎರಡೂ ಕೈಯ ತೋರುಬೆರಳನ್ನು ಮೂಗಿನ ಬುಡದ ಎರಡೂ ಬದಿಗೆ ಇಟ್ಟು ಮೆತ್ತಗೆ ಒತ್ತಿ ಹಿಡಿದಳು.

"ಒಂದು ಸಲ ಗೋಡೆ ಹಿಡ್ಕೊಂಡು ಬಂದೆ, ಆ ಮೆಟ್ಟಿಲು ಹತ್ತಿ" ಎಂದು ತಂಗಿ ಶುರು ಮಾಡಿದಳು. ದನಿ ಏರಲಿಲ್ಲ. "ನೀನು ಬಟ್ಟೆ ಮಡಿಸ್ತಿದ್ದೆ. ತಿರುಗಿ ಕೂಡ ನೋಡಲಿಲ್ಲ. ನನ್ನ ಕಣ್ಣು ಕೆಂಡದ ಹಾಗಿತ್ತು ಅಕ್ಕ, ನೀನು ತಿರುಗಿದ್ರೆ ಕಾಣ್ತಿತ್ತು."

"ಹೂಂ."

"ಡಾಕ್ಟ್ರಿಗೆ ತೋರಿಸ್ತೀನಿ ಅಂತ ಒಂದ್ಸಲ ಅಂದೆ. ನಾನಿಲ್ವಾ ಅಂದೆ ನೀನು. ಆಮೇಲೆ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅದಕ್ಕೇ ಮತ್ತೆ ಆ ಮಾತು ಎತ್ತಲಿಲ್ಲ."

"ಹೂಂ."

"ನನ್ನ ಜೊತೆ ಕೆಲಸ ಮಾಡೋಳು ಬಡ್ಕೊಂಡ್ಲು, ಕಣ್ಣು ತೋರಿಸ್ಕೊಳ್ಳೇ ಅಂತ. ನಮ್ಮಕ್ಕಂಗೆ ಗೊತ್ತಿಲ್ದೇ ಇರೋದು ನಿಂಗೇನೇ ಗೊತ್ತು ಅಂತ ಅವಳ ಜೊತೆ ಜಗಳ ಆಡಿದೆ. ಬಾಯಿಗೆ ಬಂದ ಹಾಗೆ ಅಂದೆ ಅವಳನ್ನ."

ಸೂಜಿಯಕ್ಕನ ಕಣ್ಣಿಂದ ನೀರು ಇಳಿದು ಗದ್ದದ ತುದಿಗೆ ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ತಂಗಿಯ ಹಣೆಯ ಮೇಲೆ ಬೀಳಬಾರದೆಂದು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು ನಿಂತಳು.

ತಂಗಿ ಹೇಳುತ್ತ ಹೋದಳು. ಒಂದಾದ ಮೇಲೊಂದು, ಯಾವುದನ್ನೂ ಬಿಡದೆ. ಕೆಳಗಿನ ಯಂತ್ರ ನಿಂತಿತು, ಮತ್ತೆ ಶುರುವಾಯಿತು.

"ಐದು ನಿಮಿಷ ಆಯ್ತಾ?" ಎಂದು ನಡುವೆ ಕೇಳಿದಳು.

ಸೂಜಿಯಕ್ಕ ಗೋಡೆಯ ಗಡಿಯಾರ ನೋಡಿದಳು. "ಆಯ್ತು. ಏಳು ಆಯ್ತು."

"ನಂದಿನ್ನೂ ಮುಗಿದಿಲ್ಲ" ಎಂದಳು ತಂಗಿ, ಕಣ್ಣು ತೆರೆಯದೆ. "ಹಿಡ್ಕೊಂಡಿರು."

ಸೂಜಿಯಕ್ಕ ಹಿಡಿದುಕೊಂಡೇ ನಿಂತಳು.